ಬಸ್ಸೋ, ಟಂಟಮ್ಮೋ, ಬೈಕೋ: ಪ್ರಯಾಣಿಕರ ಆಯ್ಕೆಯನ್ನು ಲೆಕ್ಕ ಹಾಕುವುದು ಹೇಗೆ?

ಪ್ರಶ್ನೆ: ನಮ್ಮೂರು ಹಾನಗಲ್ ತಾಲ್ಲೂಕಿನಲ್ಲಿದೆ. ಹಾವೇರಿಗೆ ಹೋಗಬೇಕೆಂದರೆ ಸರ್ಕಾರಿ ಬಸ್ಸು, ಟಂಟಂ, ಬೈಕು ಮೂರೂ ಇವೆ. ಒಂದೇ ಮನೆಯ ಮೂವರು ಮೂರು ಬಗೆಯಲ್ಲಿ ಹೋಗುವುದನ್ನು ನೋಡಿದ್ದೇನೆ. ಯಾರು ಯಾವುದರಲ್ಲಿ ಹೋಗುತ್ತಾರೆ ಎಂಬುದನ್ನು ಯೋಜನೆ ಮಾಡುವವರು ಗಣಿತದಿಂದ ಮೊದಲೇ ಹೇಳಬಲ್ಲರು ಎಂದು ಓದಿದೆ. ಇದು ನಿಜವೇ? ನಿಜವಾದರೆ ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರಿನಂಥ ಕಡೆ ಆ ಲೆಕ್ಕವನ್ನು ಯಾರಾದರೂ ಹಾಕುತ್ತಾರೆಯೇ?

ಉತ್ತರ: ಹೇಳಬಲ್ಲರು. ಆದರೆ ನಿಮ್ಮ ಮನೆಯ ಇಂಥವರು ನಾಳೆ ಇಂಥದ್ದನ್ನೇ ಹತ್ತುತ್ತಾರೆ ಎಂದಲ್ಲ. ನಿಮ್ಮಂಥ ನೂರು ಜನರಲ್ಲಿ ಎಷ್ಟು ಮಂದಿ ಬಸ್ಸಿಗೆ, ಎಷ್ಟು ಮಂದಿ ಟಂಟಮ್ಮಿಗೆ, ಎಷ್ಟು ಮಂದಿ ಬೈಕಿಗೆ ಎಂಬುದನ್ನು ಸಾಕಷ್ಟು ಸರಿಯಾಗಿ ಹೇಳಬಹುದು. ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ ಅಷ್ಟು ಸುಲಭವಲ್ಲ. ಅದೇ ಹೆಚ್ಚು ಮುಖ್ಯವಾದ ಪ್ರಶ್ನೆ ಎಂದು ನನಗನಿಸುವುದರಿಂದ ಅದಕ್ಕೆ ಹೆಚ್ಚು ಜಾಗ ಕೊಡುತ್ತೇನೆ.

ಮೊದಲು ಗಣಿತ. ಅಮೆರಿಕದ ಡೆಟ್ರಾಯಿಟ್ ಮತ್ತು ಶಿಕಾಗೊ ನಗರಗಳಲ್ಲಿ 1950ರ ದಶಕದಲ್ಲಿ ರೂಪುಗೊಂಡ ಪದ್ಧತಿಯೊಂದು ಇಂದಿಗೂ ಜಗತ್ತಿನ ಬಹುಪಾಲು ಸಾರಿಗೆ ಯೋಜನೆಗಳ ಬೆನ್ನೆಲುಬು. ಎಷ್ಟು ಜನ ಮನೆಯಿಂದ ಹೊರಡುತ್ತಾರೆ, ಎಲ್ಲಿಗೆ ಹೋಗುತ್ತಾರೆ, ಯಾವುದರಲ್ಲಿ ಹೋಗುತ್ತಾರೆ, ಯಾವ ದಾರಿ ಹಿಡಿಯುತ್ತಾರೆ ಎಂಬ ನಾಲ್ಕು ಪ್ರಶ್ನೆಗಳನ್ನು ಅದು ಒಂದಾದ ಮೇಲೊಂದರಂತೆ ಬಿಡಿಸುತ್ತದೆ. ನೀವು ಕೇಳಿದ್ದು ಮೂರನೆಯದು. ಎರಡನೆಯದೂ ನಮ್ಮ ಸೀಮೆಯಲ್ಲಿ ಸರಳವೇನಲ್ಲ. ಹಿರೇಕೆರೂರಿನವರಿಗೆ ಜಿಲ್ಲಾ ಕಚೇರಿಯ ಕೆಲಸವೆಂದರೆ ಹಾವೇರಿ, ವ್ಯಾಪಾರವೆಂದರೆ ರಾಣೆಬೆನ್ನೂರು, ಶಿಕಾರಿಪುರ ದಾಟಿದರೆ ಶಿವಮೊಗ್ಗ. ಹಾನಗಲ್ಲಿನವರನ್ನು ಒಂದು ಕಡೆ ಹಾವೇರಿ, ಇನ್ನೊಂದು ಕಡೆ ಶಿರಸಿ, ಮತ್ತೊಂದು ಕಡೆ ಹುಬ್ಬಳ್ಳಿ ಎಳೆಯುತ್ತವೆ. ಊರು ದೊಡ್ಡದಾದಷ್ಟೂ ಸೆಳೆತ ಹೆಚ್ಚು, ದೂರವಾದಷ್ಟೂ ಕಡಿಮೆ ಎಂಬ ಸೂತ್ರದಿಂದ ಆ ಲೆಕ್ಕ ನಡೆಯುತ್ತದೆ.

ಮೂರನೆಯ ಪ್ರಶ್ನೆಗೆ ಈಗ ಬಳಕೆಯಲ್ಲಿರುವ ಉತ್ತರವನ್ನು ಗಟ್ಟಿಯಾಗಿ ಕಟ್ಟಿದವರು ಡೇನಿಯಲ್ ಮ್ಯಾಕ್‌ಫ್ಯಾಡನ್ ಎಂಬ ಅರ್ಥಶಾಸ್ತ್ರಜ್ಞ. ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ಪ್ರದೇಶದಲ್ಲಿ ಬಾರ್ಟ್ ಎಂಬ ಹೊಸ ರೈಲು 1972ರಲ್ಲಿ ಓಡತೊಡಗಿತು. ಕೆಲಸಕ್ಕೆ ಹೋಗುವವರಲ್ಲಿ ನೂರಕ್ಕೆ 15 ಮಂದಿ ಅದನ್ನು ಹತ್ತುತ್ತಾರೆ ಎಂಬುದು ಅಧಿಕೃತ ಅಂದಾಜಾಗಿತ್ತು. ಮ್ಯಾಕ್‌ಫ್ಯಾಡನ್ ಮತ್ತು ಅವರ ತಂಡ ರೈಲು ಬರುವ ಮೊದಲೇ ಜನ ಹೇಗೆ ಓಡಾಡುತ್ತಿದ್ದಾರೆ, ಎಷ್ಟು ಹೊತ್ತು ಕಾಯುತ್ತಾರೆ, ಎಷ್ಟು ಖರ್ಚು ಮಾಡುತ್ತಾರೆ ಎಂದು ಕೇಳಿ, ಲೆಕ್ಕ ಕಟ್ಟಿ, 6.3 ಎಂದು ಹೇಳಿತು. ಕೊನೆಗೆ ಬಂದ ಅಂಕಿ 6.2. ಮ್ಯಾಕ್‌ಫ್ಯಾಡನ್‌ಗೆ 2000ನೇ ಇಸವಿಯಲ್ಲಿ ಜೇಮ್ಸ್ ಹೆಕ್‌ಮನ್ ಜೊತೆ ಅರ್ಥಶಾಸ್ತ್ರದ ನೊಬೆಲ್ ಬಂತು.

ಅವರ ವಿಧಾನದ ತಿರುಳು ಇಷ್ಟು: ಪ್ರಯಾಣಿಕ ಪ್ರತಿಯೊಂದು ವಾಹನಕ್ಕೂ ಮನಸ್ಸಿನಲ್ಲೇ ಒಂದು ಅಂಕ ಕೊಡುತ್ತಾನೆ. ಹಿಡಿಯುವ ಹೊತ್ತು, ಕಾಯುವ ಹೊತ್ತು, ಕೊಡುವ ದುಡ್ಡು ಇವೆಲ್ಲ ಅಂಕವನ್ನು ಇಳಿಸುತ್ತವೆ. ಹೆಚ್ಚು ಅಂಕ ಬಂದದ್ದನ್ನು ಹತ್ತುತ್ತಾನೆ. ಆದರೆ ಲೆಕ್ಕ ಹಾಕುವವನ ಕಣ್ಣಿಗೆ ಎಲ್ಲವೂ ಬೀಳುವುದಿಲ್ಲ. ಒಬ್ಬರಿಗೆ ಡೀಸೆಲ್ ವಾಸನೆಗೆ ವಾಂತಿ ಬರುತ್ತದೆ, ಇನ್ನೊಬ್ಬರಿಗೆ ಟಂಟಂ ಚಾಲಕ ಸೋದರಮಾವನ ಮಗ. ಈ ಕಾಣದ ಭಾಗವನ್ನು ಅದೃಷ್ಟದಂತೆ ಬಿಟ್ಟುಕೊಟ್ಟು, ಉಳಿದದ್ದರ ಮೇಲೆ ಸಂಭವದ ಲೆಕ್ಕ ಹಾಕುವುದೇ ಲಾಜಿಟ್ ಮಾದರಿ. ಎರಡು ವಾಹನಗಳ ಅಂಕ ಸಮವಾದರೆ ಜನ 50:50 ಹಂಚಿಕೊಳ್ಳುತ್ತಾರೆ. ಒಂದು ಅಂಕದ ಅಂತರವಿದ್ದರೆ 73:27. ಎರಡು ಅಂಕವಾದರೆ 88:12. ಆದರೆ ಮೂರರಿಂದ ನಾಲ್ಕಕ್ಕೆ ಏರಿಸಲು ಅಷ್ಟೇ ಶ್ರಮಪಟ್ಟರೂ 95ರಿಂದ 98ಕ್ಕೆ ಮಾತ್ರ ಏರುತ್ತದೆ. ಎರಡು ಮನಸ್ಸಿನಲ್ಲಿ ನಿಂತವರ ಮೇಲೆಯೇ ಸುಧಾರಣೆಯ ಪರಿಣಾಮ ಹೆಚ್ಚು. ಬೇರೂರಿದವರನ್ನು ಅಲುಗಿಸುವುದು ಕಷ್ಟ.

ಇದನ್ನು ನಿಮ್ಮ ಹಾವೇರಿ ದಾರಿಗೇ ಹಚ್ಚಿ ನೋಡೋಣ. ಸುಮಾರು 30 ಕಿಲೋಮೀಟರ್ ಎಂದು ಇಟ್ಟುಕೊಳ್ಳಿ. ಕೆಳಗಿನ ಅಂಕಿಗಳು ಲೆಕ್ಕ ತಿಳಿಯಲೆಂದು ನಾನು ಹಾಕಿಕೊಂಡವು, ನಿಮ್ಮೂರಿನವನ್ನು ನೀವೇ ತುಂಬಿಕೊಳ್ಳಬಹುದು. ಗಂಟೆಗೆ 60 ರೂಪಾಯಿ ದುಡಿಯುವವರಿಗೆ ಒಂದು ನಿಮಿಷಕ್ಕೆ ಒಂದು ರೂಪಾಯಿ ಬೆಲೆ. ವಾಹನದಲ್ಲಿ ಕುಳಿತ ಒಂದು ನಿಮಿಷ ಒಂದೇ ನಿಮಿಷ. ಆದರೆ ನಿಂತು ಕಾಯುವ ಒಂದು ನಿಮಿಷ ಮನಸ್ಸಿಗೆ ಸುಮಾರು ಎರಡು ನಿಮಿಷದ ಭಾರ. ಹಲವು ದೇಶಗಳ ಅಧ್ಯಯನಗಳಲ್ಲಿ ಈ ತೂಕ ಒಂದೂವರೆಯಿಂದ ಎರಡೂವರೆ ಪಟ್ಟಿನ ನಡುವೆ ಬಂದಿದೆ. ಬಿಸಿಲಲ್ಲಿ, ನೆರಳಿಲ್ಲದ ಕ್ರಾಸಿನಲ್ಲಿ, ಕೈಯಲ್ಲಿ ಕೂಸು ಹಿಡಿದು ನಿಂತವರಿಗೆ ಎರಡು ಪಟ್ಟು ಎಂಬುದೂ ಕಡಿಮೆಯೇ ಆದೀತು.

ಬಸ್ಸು: ಪಯಣ 50 ನಿಮಿಷ, ಕಾಯುವುದು 30 ನಿಮಿಷ, ಅಂದರೆ ಭಾರ 60, ಟಿಕೆಟ್ 40 ರೂಪಾಯಿ. ಒಟ್ಟು 150. ಟಂಟಂ: ಪಯಣ 60, ಕಾಯುವುದು 10, ಅಂದರೆ ಭಾರ 20, ಬಾಡಿಗೆ 50. ಒಟ್ಟು 130. ಬೈಕು: ಪಯಣ 45, ಕಾಯುವುದು ಇಲ್ಲ, ಪೆಟ್ರೋಲ್ ಲೀಟರಿಗೆ ನೂರು ದಾಟಿರುವುದರಿಂದ ಸುಮಾರು 60. ಒಟ್ಟು 105. ಭಾರ ಕಡಿಮೆಯಾದಷ್ಟೂ ಒಳ್ಳೆಯದು. ಬೈಕಿದ್ದವನು ಬೈಕು ಹತ್ತುತ್ತಾನೆ, ಇಲ್ಲದವನು ಟಂಟಂ ಕಡೆ ವಾಲುತ್ತಾನೆ. 20 ನಿಮಿಷದ ಅಂತರವನ್ನು ಒಂದು ಅಂಕ ಎಂದು ಹಿಡಿದರೆ, ಬೈಕಿಲ್ಲದ ನೂರು ಗಂಡಸರಲ್ಲಿ 73 ಮಂದಿ ಟಂಟಮ್ಮಿಗೆ, 27 ಮಂದಿ ಬಸ್ಸಿಗೆ.

ಈಗ ಇದೇ ಲೆಕ್ಕಕ್ಕೆ ಶಕ್ತಿ ಯೋಜನೆಯನ್ನು ಸೇರಿಸಿ. 2023ರ ಜೂನ್ 11ರಿಂದ ರಾಜ್ಯದ ಹೆಣ್ಣುಮಕ್ಕಳಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ಶೂನ್ಯ. ಹೆಂಗಸಿನ ಮಟ್ಟಿಗೆ ಬಸ್ಸಿನ ಭಾರ 150ರಿಂದ 110ಕ್ಕೆ ಇಳಿಯಿತು. ಟಂಟಂ 130ರಲ್ಲೇ ಉಳಿಯಿತು. ಪಾಳಿ ತಿರುಗಿತು: ಈಗ ನೂರರಲ್ಲಿ 73 ಹೆಂಗಸರು ಬಸ್ಸಿಗೆ. ಒಂದೇ ಮನೆಯವರು ಬೇರೆ ಬೇರೆಯಾಗಿ ಹೋಗುವುದನ್ನು ನೀವು ಕಂಡದ್ದು ಇದರಿಂದಲೇ. ಅವ್ವ ಬಸ್ಸಿಗೆ ನಿಲ್ಲುತ್ತಾಳೆ, ಮಗ ಬೈಕು ತೆಗೆಯುತ್ತಾನೆ, ಬೈಕು ಓಡಿಸಲು ಬಾರದ ಅಪ್ಪ ಟಂಟಂ ಹತ್ತುತ್ತಾನೆ. ಮೂವರೂ ತಮ್ಮ ತಮ್ಮ ಮಟ್ಟಿಗೆ ಲೆಕ್ಕ ಸರಿಯಾಗಿಯೇ ಹಾಕಿದ್ದಾರೆ.

ಇಲ್ಲಿಗೆ ನಿಲ್ಲಿಸಬೇಡಿ. ಇನ್ನೂ ಎರಡು ಸಲ ಅಂಕಿ ಬದಲಿಸಿ ನೋಡಿ. ಗಂಡಸಿನ ಟಿಕೆಟ್ 40 ರೂಪಾಯಿಯೇ ಇರಲಿ, ಬಸ್ಸು ಕಾಯುವ ಹೊತ್ತು ಮಾತ್ರ 30 ನಿಮಿಷದಿಂದ 10ಕ್ಕೆ ಇಳಿಯಲಿ. ಭಾರ 50 ಕೂಡಿಸಿ 20 ಕೂಡಿಸಿ 40, ಒಟ್ಟು 110. ಟಂಟಮ್ಮನ್ನು ಅದು ಹಿಂದಿಕ್ಕಿತು, ಬೈಕಿನ ಹತ್ತಿರಕ್ಕೂ ಬಂತು. ಹೆಂಗಸರಿಗೆ ಪೂರ್ತಿ ಟಿಕೆಟ್ ಮನ್ನಾ ಮಾಡಿ ಆದದ್ದೆಲ್ಲ ಗಂಡಸರಿಗೆ ಇಪ್ಪತ್ತು ನಿಮಿಷದ ಕಾಯುವಿಕೆ ತಪ್ಪಿಸಿದರೆ ಆಗುತ್ತದೆ. ಇನ್ನೊಂದು ಬದಲಾವಣೆ ಇದಕ್ಕೆ ತಿರುಗುಮುರುಗು. ಹೆಂಗಸರ ಟಿಕೆಟ್ ಶೂನ್ಯವೇ ಇದೆ, ಆದರೆ ಬಸ್ಸು ತುಂಬಿ ತುಳುಕುತ್ತಿದೆ, ದಾರಿಯುದ್ದಕ್ಕೂ ನಿಂತೇ ಹೋಗಬೇಕು. ನಿಂತು ಹೋಗುವ ನಿಮಿಷಕ್ಕೆ ಒಂದೂವರೆ ಪಟ್ಟು ಭಾರ ಹಾಕಿದರೆ 50ರ ಜಾಗದಲ್ಲಿ 75, ಕಾಯುವುದಕ್ಕೆ 60, ಒಟ್ಟು 135. ಪುಕ್ಕಟೆ ಬಸ್ಸು ಐವತ್ತು ರೂಪಾಯಿಯ ಟಂಟಮ್ಮಿಗೆ ಸೋತಿತು! ದುಡ್ಡು ಶೂನ್ಯವಾದ ಮೇಲೆ ಕಾಯುವ ಹೊತ್ತು ಮತ್ತು ಗದ್ದಲ ಇವೆರಡೇ ಆಯ್ಕೆಯನ್ನು ನಿರ್ಧರಿಸುತ್ತವೆ. ಶಕ್ತಿ ಯೋಜನೆಯ ಬಗ್ಗೆ ನಡೆದ ವಾದಗಳೆಲ್ಲ ದುಡ್ಡಿನ ಸುತ್ತಲೇ ಸುತ್ತಿದವು. ಬಸ್ಸುಗಳ ಸಂಖ್ಯೆ ಮತ್ತು ಸಮಯದ ಸುತ್ತ ನಡೆಯಬೇಕಾಗಿದ್ದ ವಾದ ನಡೆಯಲಿಲ್ಲ ಎಂಬುದು ನನ್ನ ಬಲವಾದ ಅಭಿಪ್ರಾಯ. 2025ರ ಜನವರಿ 5ರಂದು ಟಿಕೆಟ್ ದರ ನೂರಕ್ಕೆ 15ರಷ್ಟು ಏರಿದಾಗಲೂ ಇದೇ ಆಯಿತು.

ಕಾಯುವ ಹೊತ್ತಿನ ಬಗ್ಗೆ ಇನ್ನೂ ಒಂದು ಮಾತು. ಬೋರ್ಡಿನ ಮೇಲೆ ಗಂಟೆಗೆ ಎರಡು ಬಸ್ಸು ಎಂದಿದೆ. ಸರಿಯಾಗಿ ಅರ್ಧ ಗಂಟೆಗೊಂದು ಬಂದರೆ ಸರಾಸರಿ ಕಾಯುವುದು 15 ನಿಮಿಷ. ಆದರೆ ಒಂದರ ಬೆನ್ನಿಗೆ ಹತ್ತೇ ನಿಮಿಷಕ್ಕೆ ಇನ್ನೊಂದು ಬಂದು, ಆಮೇಲೆ 50 ನಿಮಿಷ ಏನೂ ಬಾರದಿದ್ದರೆ? ನಿಮಿಷಕ್ಕೊಬ್ಬರಂತೆ ಜನ ಕ್ರಾಸಿಗೆ ಬರುತ್ತಾರೆ ಎಂದುಕೊಳ್ಳಿ. ಸಣ್ಣ ಸಂದಿನಲ್ಲಿ ಬಂದ 10 ಮಂದಿ ಸರಾಸರಿ 5 ನಿಮಿಷ ಕಾಯುತ್ತಾರೆ, ದೊಡ್ಡ ಸಂದಿನಲ್ಲಿ ಸಿಕ್ಕಿಬಿದ್ದ 50 ಮಂದಿ ಸರಾಸರಿ 25 ನಿಮಿಷ. ಎಲ್ಲ ಕೂಡಿಸಿ ಭಾಗಿಸಿದರೆ ಸುಮಾರು 22 ನಿಮಿಷ. ಬಸ್ಸುಗಳ ಸಂಖ್ಯೆ ಅಷ್ಟೇ, ಡೀಸೆಲ್ ಖರ್ಚೂ ಅಷ್ಟೇ, ಆದರೂ ಜನರ ಪಾಲಿಗೆ ಕಾಯುವಿಕೆ ಅರ್ಧದಷ್ಟು ಹೆಚ್ಚಾಯಿತು. ಡಿಪೊದ ಕಾಗದದಲ್ಲಿ ಎರಡೂ ಒಂದೇ ಥರ ಕಾಣುತ್ತವೆ.

ಟಂಟಂ ಗೆಲ್ಲುವುದು ಇಲ್ಲಿಯೇ. ಅದು ವೇಗದ ಗಾಡಿಯಲ್ಲ, ಅಗ್ಗದ್ದೂ ಅಲ್ಲ, ಕಾಲು ಚಾಚುವುದಕ್ಕೂ ಜಾಗವಿಲ್ಲ. ಚಾಲಕ "ಹಾನಗಲ್, ಹಾನಗಲ್" ಎಂದು ಕೂಗುತ್ತಾ, ತುಂಬಿದ ಮೇಲೆಯೇ ಬಿಡುತ್ತಾನೆ. ಎಷ್ಟು ಹೊತ್ತಾದೀತು ಎಂಬುದೂ ಗೊತ್ತಿರುವುದಿಲ್ಲ. ಆದರೆ ಗಾಡಿ ಕಣ್ಣೆದುರಿಗೆ ನಿಂತಿದೆ, ನೀವು ಅದರೊಳಗೆ ಕುಳಿತಿದ್ದೀರಿ, ಇನ್ನು ಮೂವರು ಬಂದರೆ ಹೊರಡುತ್ತದೆ ಎಂಬುದು ಕಾಣುತ್ತದೆ. ಬಸ್ಸಿನ ವಿಷಯದಲ್ಲಿ ಜನ ಹೇಳುವ ಮಾತು ಬೇರೆ: "ಬಂದ್ರ ಬಂತು, ಇಲ್ಲಾಂದ್ರ ಇಲ್ಲ." ಆ ಅನುಮಾನಕ್ಕೂ ಮಾದರಿಯಲ್ಲಿ ಒಂದು ತೂಕ ಹಾಕಲು ಬರುತ್ತದೆ. ಹಾಕುವವರು ಬೇಕು ಅಷ್ಟೆ.

ಅಂಕ ಕೊಡುವ ಮೊದಲು ಇನ್ನೊಂದು ಮೆಟ್ಟಿಲಿದೆ. ಆ ವ್ಯಕ್ತಿಯ ಮುಂದೆ ನಿಜವಾಗಿ ಏನೇನಿವೆ ಎಂದು ನೋಡುವುದು. ಈ ನಾಲ್ಕು ತಾಲ್ಲೂಕುಗಳು ಒಂದೇ ಜಿಲ್ಲೆಯಲ್ಲಿದ್ದರೂ ಇಲ್ಲಿ ಒಂದರಂತೆ ಇನ್ನೊಂದಿಲ್ಲ. ಶಿಗ್ಗಾವಿ ರಾಷ್ಟ್ರೀಯ ಹೆದ್ದಾರಿ 48ರ ಮೇಲಿದೆ. ಬೆಂಗಳೂರು, ಹುಬ್ಬಳ್ಳಿ, ಬೆಳಗಾವಿಯ ಬಸ್ಸುಗಳು ಅದೇ ದಾರಿಯಲ್ಲಿ ಓಡುತ್ತವೆ. ಆದರೆ ವೇಗದೂತ ಬಸ್ಸು ಊರೊಳಗೆ ಬಾರದೆ ಹೆದ್ದಾರಿಯ ಮೇಲಿಂದಲೇ ಹಾದುಹೋದರೆ ಆ ಊರಿನ ಮಟ್ಟಿಗೆ ಅದು ಆಯ್ಕೆಯೇ ಅಲ್ಲ, ಪಟ್ಟಿಯಲ್ಲಿ ಅದನ್ನು ಬರೆಯಬಾರದು. ನಾಲ್ಕರಲ್ಲಿ ರೈಲು ಹಳಿ ಹಾದಿರುವುದು ಸವಣೂರು ತಾಲ್ಲೂಕಿನಲ್ಲಿ. ಯಲವಿಗಿಯಲ್ಲಿ ಪ್ಯಾಸೆಂಜರ್ ಗಾಡಿ ಹಿಡಿದರೆ, ಬಸ್ಸಿಗೆ ಟಿಕೆಟ್ ಕೊಳ್ಳಬೇಕಾದವರಿಗೆ ಹುಬ್ಬಳ್ಳಿಗೆ ಹೋಗಲು ಅದಕ್ಕಿಂತ ಅಗ್ಗದ್ದು ಇಲ್ಲ. ಆದರೆ ಹಳ್ಳಿಯಿಂದ ನಿಲ್ದಾಣಕ್ಕೆ ತಲುಪುವ ಖರ್ಚು ಮತ್ತು ಹೊತ್ತನ್ನೂ ಕೂಡಿಸಿಯೇ ಅದರ ಭಾರ ಅಳೆಯಬೇಕು. 2023ರ ಜೂನ್‌ನಲ್ಲಿ ಶುರುವಾದ ಧಾರವಾಡ–ಬೆಂಗಳೂರು ವಂದೇ ಭಾರತ್ ಅದೇ ಹಳಿಯ ಮೇಲೆ ಯಲವಿಗಿಯನ್ನು ದಾಟಿ ಓಡುತ್ತದೆ, ಅಲ್ಲಿ ನಿಲ್ಲುವುದಿಲ್ಲ. ಹಾನಗಲ್ ಮತ್ತು ಹಿರೇಕೆರೂರು ಪೇಟೆಗಳಿಗೆ ರೈಲೂ ಇಲ್ಲ, ಹೆದ್ದಾರಿ 48ರ ನೇರ ಸಂಪರ್ಕವೂ ಇಲ್ಲ. ಅಲ್ಲಿ ಸರ್ಕಾರಿ ಬಸ್ಸು ಕೈಕೊಟ್ಟರೆ ಉಳಿಯುವುದು ಟಂಟಂ, ಕ್ರೂಸರ್, ಇಲ್ಲವೇ ಬೈಕು. ಹಳೆಯ ಧಾರವಾಡ ಜಿಲ್ಲೆಯ ಈ ಭಾಗದಲ್ಲಿ ಮೊದಲಿನಿಂದಲೂ ಸರ್ಕಾರಿ ಬಸ್ಸಿನದೇ ಪ್ರಾಬಲ್ಯ. ಶಿವಮೊಗ್ಗದ ಕಡೆಗೆ ಇರುವಂತೆ ಸಾಲುಸಾಲು ಖಾಸಗಿ ಬಸ್ಸುಗಳು ಇಲ್ಲಿ ಬೆಳೆಯಲಿಲ್ಲ.

ಮನೆಯೊಳಗೂ ಪಟ್ಟಿ ಒಂದೇ ಅಲ್ಲ. ಬೈಕು ಮನೆಯಲ್ಲಿದೆ ಎಂದರೆ ಎಲ್ಲರಿಗೂ ಇದೆ ಎಂದಲ್ಲ. ಓಡಿಸುವವನು ಹೊಲಕ್ಕೆ ಹೋಗಿದ್ದರೆ ಉಳಿದವರಿಗೆ ಅದು ಅಂಗಳದಲ್ಲೂ ಇಲ್ಲ. ಕಾಲೇಜಿಗೆ ಹೋಗುವ ಹುಡುಗಿಗೆ, ಔಷಧಿಗೆ ಹೋಗುವ ಅಜ್ಜನಿಗೆ ಬಸ್ಸು ಬಿಟ್ಟರೆ ಎಷ್ಟೋ ಸಲ ಬೇರೆ ಏನೂ ಇಲ್ಲ. ಇಂಥವರನ್ನು ಯೋಜನೆಯ ಭಾಷೆಯಲ್ಲಿ ಬಂದಿಗಳು ಎನ್ನುತ್ತಾರೆ. ಬಸ್ಸು ಎಷ್ಟೇ ಕೆಟ್ಟಿದ್ದರೂ ಅವರು ಹತ್ತುತ್ತಾರೆ, ಹಾಗಾಗಿ ಅಂಕಿಗಳಲ್ಲಿ ಅವರು ಸಂತುಷ್ಟ ಪ್ರಯಾಣಿಕರಂತೆ ಕಾಣುತ್ತಾರೆ. ಇದು ಮಾದರಿ ಮಾಡುವ ತಪ್ಪಲ್ಲ, ಮಾದರಿ ಓದುವವರು ಮಾಡುವ ತಪ್ಪು.

ಲಾಜಿಟ್ ಮಾದರಿಗೂ ಒಂದು ಹೆಸರಾಂತ ದೋಷವಿದೆ. ಕೆಂಪು ಬಸ್ಸು, ನೀಲಿ ಬಸ್ಸಿನ ಕಥೆ ಎಂದೇ ಅದಕ್ಕೆ ಹೆಸರು, ಸರ್ಕಾರಿ ಬಸ್ಸನ್ನು ಕೆಂಪು ಬಸ್ಸು ಎಂದು ಕರೆಯುತ್ತ ಬಂದ ನಮಗೆ ಅದು ಬೇಗ ಹಿಡಿಸುತ್ತದೆ. ಒಂದು ದಾರಿಯಲ್ಲಿ ನೂರು ಜನರಲ್ಲಿ 50 ಮಂದಿ ಬೈಕಿಗೆ, 50 ಮಂದಿ ಕೆಂಪು ಬಸ್ಸಿಗೆ ಹೋಗುತ್ತಿದ್ದಾರೆ. ಅದೇ ಹೊತ್ತಿಗೆ, ಅದೇ ದರಕ್ಕೆ, ಅದರ ಬೆನ್ನಿಗೇ ನೀಲಿ ಬಣ್ಣದ ಇನ್ನೊಂದು ಬಸ್ಸು ಬಿಟ್ಟರು. ಸರಳ ಲಾಜಿಟ್ ಪ್ರಕಾರ ಮೂರಕ್ಕೂ ಅಂಕ ಸಮ, ಆದ್ದರಿಂದ ಮೂರೂ 33ರಂತೆ ಹಂಚಿಕೊಳ್ಳಬೇಕು, ಬಸ್ಸಿನವರು 67 ಆಗಬೇಕು. ನಡೆಯುವುದು ಹಾಗಲ್ಲ. ಬೈಕಿನವರು ಬೈಕಿನಲ್ಲೇ ಉಳಿಯುತ್ತಾರೆ, ಬಸ್ಸಿನ 50 ಮಂದಿಯೇ ಎರಡು ಬಸ್ಸುಗಳಲ್ಲಿ 25ರಂತೆ ಹಂಚಿಹೋಗುತ್ತಾರೆ. ಒಂದೇ ಜಾತಿಯ ವಾಹನಗಳನ್ನು ಒಂದು ಗುಂಪಿನೊಳಗೆ ಹಾಕಿ, ಮೊದಲು ಗುಂಪಿನ ಆಯ್ಕೆ, ಆಮೇಲೆ ಗುಂಪಿನೊಳಗಿನ ಆಯ್ಕೆ ಎಂದು ಲೆಕ್ಕ ಹಾಕಿದರೆ ಈ ದೋಷ ಹೋಗುತ್ತದೆ. ಆದರೆ ಕಥೆಯ ಪಾಠ ಡಿಪೊಗಳಿಗೆ ನೇರವಾಗಿ ಉಪಯೋಗಕ್ಕೆ ಬರುವಂಥದ್ದು. ಬೆಳಿಗ್ಗೆ ಒಂಬತ್ತರ ಬಸ್ಸಿನ ಬೆನ್ನಿಗೆ ಇನ್ನೊಂದು ಬಿಟ್ಟರೆ ಗದ್ದಲ ಕಡಿಮೆಯಾದೀತು, ಬೈಕಿನವರು ಬರುವುದಿಲ್ಲ. ಅದೇ ಬಸ್ಸನ್ನು ಹನ್ನೊಂದಕ್ಕೆ ಬಿಟ್ಟರೆ ಅದು ನಿಜವಾಗಿಯೂ ಹೊಸ ಆಯ್ಕೆ.

ಅದಕ್ಕಿಂತ ದೊಡ್ಡ ಆಯ್ಕೆ ಸಂಜೆಯ ಬಸ್ಸು. ಬೆಳಿಗ್ಗೆ ಯಾವುದರಲ್ಲಿ ಹೋಗಬೇಕು ಎಂಬುದನ್ನು ಬಹಳ ಸಲ ತಿರುಗಿ ಬರುವ ಗಾಡಿಯೇ ನಿರ್ಧರಿಸುತ್ತದೆ. ಹಾವೇರಿಯ ದೇವಗಿರಿಯಲ್ಲಿರುವ ಜಿಲ್ಲಾಡಳಿತ ಭವನದಲ್ಲಿ ಸಹಿ ಬೀಳುವ ಹೊತ್ತಿಗೆ ಊರಿನ ಕೊನೆಯ ಬಸ್ಸು ಹೋಗಿದ್ದರೆ, ಆ ಮನುಷ್ಯ ಬೆಳಿಗ್ಗೆಯೇ ಬೈಕು ತೆಗೆದಿರುತ್ತಾನೆ. ಬೆಳಗಿನ ಬಸ್ಸು ಎಷ್ಟೇ ಚೆನ್ನಾಗಿದ್ದರೂ ಅವನಿಗೆ ಬೇಡ. ರಾತ್ರಿ ಹಳ್ಳಿಯಲ್ಲೇ ಉಳಿದು ಬೆಳಿಗ್ಗೆ ಹೊರಡುವ ವಸ್ತಿ ಬಸ್ಸಿಗೆ ನಮ್ಮ ಹಳ್ಳಿಗಳಲ್ಲಿ ಅಷ್ಟೊಂದು ಬೆಲೆ ಇರುವುದು ಇದಕ್ಕೇ. ಒಂದೇ ಗಾಡಿ ಸಂಜೆಯ ಕೊನೆಯ ಬಸ್ಸೂ ಹೌದು, ಬೆಳಗಿನ ಮೊದಲ ಬಸ್ಸೂ ಹೌದು. ಅದೊಂದನ್ನು ಕಿತ್ತರೆ ಇಡೀ ದಿನದ ಪ್ರಯಾಣಿಕರು ಚದುರುತ್ತಾರೆ. ಹೋಗುವುದನ್ನೂ ಬರುವುದನ್ನೂ ಬೇರೆ ಬೇರೆ ಪ್ರಯಾಣವೆಂದು ಎಣಿಸುವ ಹಳೆಯ ಮಾದರಿಗಳಿಗೆ ಇದು ಕಾಣುತ್ತಿರಲಿಲ್ಲ. ಮನೆಯಿಂದ ಹೊರಟು ಮನೆಗೆ ಮರಳುವ ಇಡೀ ಸುತ್ತನ್ನು ಒಂದಾಗಿ ನೋಡುವ ಹೊಸ ಮಾದರಿಗಳಿಗೆ ಕಾಣುತ್ತದೆ.

ಇನ್ನು ನಿಮ್ಮ ಎರಡನೆಯ ಪ್ರಶ್ನೆ. ಈ ಲೆಕ್ಕ ನಮ್ಮ ಕಡೆ ನಡೆಯುತ್ತದೆಯೇ? ದೊಡ್ಡ ನಗರಗಳಲ್ಲಿ ನಡೆಯುತ್ತದೆ. ನಿಮಗೆ ಹತ್ತಿರದ ಉದಾಹರಣೆ ಹುಬ್ಬಳ್ಳಿ–ಧಾರವಾಡದ ಬಿಆರ್‌ಟಿಎಸ್. ಸುಮಾರು 22 ಕಿಲೋಮೀಟರ್ ಉದ್ದಕ್ಕೆ ಬಸ್ಸಿಗೇ ಮೀಸಲಾದ ದಾರಿ ಮಾಡಿ, 2018ರ ಅಕ್ಟೋಬರಿನಲ್ಲಿ ಚಿಗರಿ ಬಸ್ಸುಗಳನ್ನು ಪ್ರಾಯೋಗಿಕವಾಗಿ ಓಡಿಸಿದರು. ಅಂಥ ಯೋಜನೆಗೆ ಸಾಲ ಕೊಡುವವರು, ಮಂಜೂರಾತಿ ಕೊಡುವವರು ಎಷ್ಟು ಜನ ಹತ್ತುತ್ತಾರೆ ಎಂಬ ಅಂದಾಜು ಕೇಳಿಯೇ ಕೇಳುತ್ತಾರೆ. ಹಳ್ಳಿಯ ಬಸ್ಸಿಗೆ ಹಾಗೆ ಕೇಳುವವರಿಲ್ಲ. 2000ನೇ ಇಸವಿಯ ಡಿಸೆಂಬರಿನಲ್ಲಿ ಶುರುವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ ಹಳ್ಳಿಹಳ್ಳಿಗೆ ಡಾಂಬರು ರಸ್ತೆ ತಂದಿತು. ಊರಿನ ಜನಸಂಖ್ಯೆ ನೋಡಿ ರಸ್ತೆ ಕೊಟ್ಟರು. ಆ ರಸ್ತೆಯ ಮೇಲೆ ಏನು ಓಡಬೇಕು ಎಂಬುದು ಆ ಯೋಜನೆಯ ಪ್ರಶ್ನೆಯೇ ಆಗಿರಲಿಲ್ಲ. ಒಳ್ಳೆಯ ರಸ್ತೆ ಸಿಕ್ಕಾಗ ಮೊದಲು ಅದರ ಮೇಲೆ ಬಂದದ್ದು ಬೈಕು, ಆಮೇಲೆ ಟಂಟಂ.

ಜನಗಣತಿಯಲ್ಲಿ ಈ ಪ್ರಶ್ನೆಯನ್ನು ಕೇಳಿದ್ದಾರೆ. ಕೆಲಸದ ಜಾಗಕ್ಕೆ ಎಷ್ಟು ದೂರ, ಯಾವುದರಲ್ಲಿ ಹೋಗುತ್ತೀರಿ ಎಂಬುದಕ್ಕೆ 2011ರ ಜನಗಣತಿ ಉತ್ತರ ದಾಖಲಿಸಿತು. ನಡಿಗೆ, ಸೈಕಲ್, ಮೋಟರ್‌ಸೈಕಲ್, ಟೆಂಪೊ ಮತ್ತು ಆಟೊ, ಬಸ್ಸು, ರೈಲು ಎಲ್ಲ ಬೇರೆ ಬೇರೆಯಾಗಿ ಎಣಿಸಿದ್ದಾರೆ. ಆದರೆ ಕೇಳಿದ್ದು ಯಾರನ್ನು? ರೈತರು, ಕೃಷಿ ಕಾರ್ಮಿಕರು ಮತ್ತು ಮನೆ ಕೈಗಾರಿಕೆಯವರನ್ನು ಬಿಟ್ಟು ಉಳಿದ ಕೆಲಸಗಾರರನ್ನು ಮಾತ್ರ. ಅದೇ ಗಣತಿಯಂತೆ ಹಾವೇರಿ ಜಿಲ್ಲೆಯ ಜನಸಂಖ್ಯೆ 15,97,668. ಅದರಲ್ಲಿ ನೂರಕ್ಕೆ ಸುಮಾರು 78 ಮಂದಿ ಹಳ್ಳಿಯವರು, ಹೊಲವೇ ಅವರ ಮುಖ್ಯ ಜೀವನಾಧಾರ. ಕಳೆ ತೆಗೆಯಲು ಟ್ರ್ಯಾಕ್ಟರ್ ಟ್ರೇಲರ್‌ನಲ್ಲಿ ನಿಂತು ಮುಂದಿನ ಊರಿಗೆ ಹೋಗುವ ಹೆಂಗಸರ ಗುಂಪು, ಮೆಣಸಿನಕಾಯಿ ಚೀಲ ಹೇರಿಕೊಂಡು ಬ್ಯಾಡಗಿ ಮಾರುಕಟ್ಟೆಗೆ ಹೋಗುವ ರೈತ, ಇವರಲ್ಲಿ ಯಾರೂ ಆ ಕೋಷ್ಟಕದಲ್ಲಿ ಇಲ್ಲ. ಆಸ್ಪತ್ರೆ, ಸಂತೆ, ಕಾಲೇಜು, ಮದುವೆಗೆ ಹೋಗುವವರೂ ಇಲ್ಲ. ನಮ್ಮ ನಾಲ್ಕು ತಾಲ್ಲೂಕುಗಳ ಓಡಾಟದ ದೊಡ್ಡ ಪಾಲು ಎಣಿಕೆಯ ಹೊರಗೇ ಉಳಿದಿದೆ.

ಹಾಗಾದರೆ ಬಸ್ಸು ಬಿಡುವವರು ಯಾವ ಆಧಾರದ ಮೇಲೆ ಬಿಡುತ್ತಾರೆ? 1997ರ ನವೆಂಬರ್ 1ರಂದು ಹುಟ್ಟಿ ಹುಬ್ಬಳ್ಳಿಯಲ್ಲಿ ಕೇಂದ್ರ ಕಚೇರಿ ಇಟ್ಟುಕೊಂಡಿರುವ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆ ಈ ಭಾಗದ ಬಸ್ಸುಗಳನ್ನು ಓಡಿಸುತ್ತದೆ. ಕಂಡಕ್ಟರ್ ಕೈಯಲ್ಲಿರುವ ಟಿಕೆಟ್ ಯಂತ್ರದಲ್ಲಿ ಯಾರು ಯಾವ ಸ್ಟೇಜಿನಲ್ಲಿ ಹತ್ತಿ ಎಲ್ಲಿ ಇಳಿದರು ಎಂಬುದು ದಾಖಲಾಗುತ್ತದೆ. ಶೂನ್ಯ ಟಿಕೆಟ್ಟೂ ದಾಖಲಾಗುತ್ತದೆ, ಏಕೆಂದರೆ ಅದರ ಲೆಕ್ಕದ ಮೇಲೆಯೇ ಸರ್ಕಾರ ಸಂಸ್ಥೆಗೆ ದುಡ್ಡು ಕೊಡಬೇಕು. ಅದರಿಂದ ಪ್ರತಿ ಕಿಲೋಮೀಟರಿಗೆ ಬಂದ ಆದಾಯ ತೆಗೆಯುತ್ತಾರೆ, ಡಿಪೊಗಳಲ್ಲಿ ಅದಕ್ಕೆ ಇಪಿಕೆಎಂ ಎನ್ನುತ್ತಾರೆ. ಇದು ಬೆಲೆಯುಳ್ಳ ಮಾಹಿತಿಯೇ, ಅದನ್ನು ಹಗುರಾಗಿ ಕಾಣಲಾರೆ. ಆದರೆ ಅದರಲ್ಲಿ ಒಂದು ದೊಡ್ಡ ಕುರುಡಿದೆ. ಹತ್ತಿದವರನ್ನು ಯಂತ್ರ ಎಣಿಸುತ್ತದೆ. ಮುಕ್ಕಾಲು ಗಂಟೆ ನಿಂತು, ಬೇಸತ್ತು, ಬಸ್ಸು ಬರುವುದಕ್ಕೆ ಐದು ನಿಮಿಷ ಮೊದಲು ಟಂಟಂ ಹತ್ತಿದವರನ್ನು ಎಣಿಸುವುದಿಲ್ಲ. ಬಸ್ಸು ಖಾಲಿ ಬಂತು, ಆದಾಯವಿಲ್ಲ, ಆದ್ದರಿಂದ ಜನರಿಗೆ ಬಸ್ಸು ಬೇಡ ಎಂಬ ತೀರ್ಮಾನ ಅಲ್ಲಿಂದ ಹುಟ್ಟುತ್ತದೆ. ಒಂದು ಟ್ರಿಪ್ ಕಡಿತವಾಗುತ್ತದೆ. ಉಳಿದ ಟ್ರಿಪ್‌ಗಳ ನಡುವಿನ ಅಂತರ ಹೆಚ್ಚುತ್ತದೆ, ಕಾಯುವ ಭಾರ ಇಮ್ಮಡಿ ಏರುತ್ತದೆ, ಇನ್ನಷ್ಟು ಜನ ಬಿಡುತ್ತಾರೆ, ಇನ್ನೊಂದು ಟ್ರಿಪ್ ಹೋಗುತ್ತದೆ. ಅಷ್ಟರಲ್ಲಿ ಮನೆಗೊಂದು ಬೈಕು ಸಾಲದ ಮೇಲೆ ಬಂದಿರುತ್ತದೆ. ಬೈಕು ಒಮ್ಮೆ ಅಂಗಳಕ್ಕೆ ಬಂದ ಮೇಲೆ ಅದರ ಕಂತು ಲೆಕ್ಕಕ್ಕಿಲ್ಲ, ಪೆಟ್ರೋಲ್ ಮಾತ್ರ ಲೆಕ್ಕ. ಆ ಮನೆಯವರನ್ನು ಬಸ್ಸಿಗೆ ಮರಳಿ ತರುವುದು ಮೊದಲಿದ್ದವರನ್ನು ಉಳಿಸಿಕೊಳ್ಳುವುದಕ್ಕಿಂತ ಬಹಳ ಕಷ್ಟ.

ಇದೇ ಸುಳಿ ಮೇಲ್ಮುಖವಾಗಿಯೂ ತಿರುಗುತ್ತದೆ ಎಂದು ಅರ್ಥಶಾಸ್ತ್ರಜ್ಞ ಹರ್ಬರ್ಟ್ ಮೋರಿಂಗ್ 1972ರಲ್ಲಿ ತೋರಿಸಿದರು. ಜನ ಹೆಚ್ಚಾದಂತೆ ಬಸ್ಸುಗಳನ್ನು ಹೆಚ್ಚಿಸಿದರೆ ಹೊಸಬರಿಗಷ್ಟೇ ಅಲ್ಲ, ಹಳಬರೆಲ್ಲರಿಗೂ ಕಾಯುವ ಹೊತ್ತು ಇಳಿಯುತ್ತದೆ. ಆದ್ದರಿಂದ ಬಸ್ಸಿಗೆ ಸರ್ಕಾರ ಹಾಕುವ ದುಡ್ಡನ್ನು ಬರೀ ನಷ್ಟ ಎಂದು ಬರೆಯಲಾಗದು ಎಂಬುದಕ್ಕೆ ಅದು ಗಣಿತದ ಆಧಾರ. ಶಕ್ತಿ ಯೋಜನೆಯಿಂದ ಹೆಂಗಸರ ಪ್ರಯಾಣ ಹೆಚ್ಚಿದ ದಾರಿಗಳಲ್ಲಿ ಬಸ್ಸುಗಳನ್ನೂ ಹೆಚ್ಚಿಸಿದ್ದರೆ ಗಂಡಸರಿಗೂ ಪಾಸಿನ ಹುಡುಗರಿಗೂ ಲಾಭವಾಗುತ್ತಿತ್ತು. ಬಸ್ಸು ಹೆಚ್ಚದೆ ಜನ ಮಾತ್ರ ಹೆಚ್ಚಿದ ಕಡೆ ಗದ್ದಲದ ಭಾರ ಎಲ್ಲರ ಮೇಲೂ ಬಿತ್ತು. ಅರ್ಧ ಸೀಟುಗಳನ್ನು ಗಂಡಸರಿಗೆ ಮೀಸಲಿಟ್ಟ ಆದೇಶ ಇರುವ ಸೀಟನ್ನು ಹಂಚುತ್ತದೆ, ಹೊಸ ಸೀಟನ್ನು ತರುವುದಿಲ್ಲ.

ಆದ್ದರಿಂದ ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ಲೆಕ್ಕ ಹಾಕುವ ವಿದ್ಯೆ ಇದೆ, ಅರ್ಧದಷ್ಟು ಮಾಹಿತಿ ಟಿಕೆಟ್ ಯಂತ್ರದಲ್ಲೇ ಇದೆ, ಇಲ್ಲದಿರುವುದು ಹತ್ತದೇ ಹೋದವರ ಎಣಿಕೆ. ಅದನ್ನು ಮಾಡಲು ನೊಬೆಲ್ ಪಡೆದವರು ಬೇಕಾಗಿಲ್ಲ. ನಿಮ್ಮೂರಿನ ಕಾಲೇಜು ಹುಡುಗರು ಸಾಕು. ಒಂದು ವಾರ ಕ್ರಾಸಿನಲ್ಲಿ ನಿಂತು ಬರೆದುಕೊಳ್ಳಲಿ: ಬೋರ್ಡಿನ ಸಮಯ ಎಷ್ಟು, ಬಸ್ಸು ಬಂದದ್ದು ಎಷ್ಟಕ್ಕೆ, ಆಗ ನಿಂತಿದ್ದವರು ಎಷ್ಟು, ಹತ್ತಿದವರು ಎಷ್ಟು, ಅದಕ್ಕೆ ಮೊದಲು ಟಂಟಂ ಹತ್ತಿ ಹೋದವರು ಎಷ್ಟು, ಅವರಲ್ಲಿ ಹೆಂಗಸರೆಷ್ಟು, ಗಂಡಸರೆಷ್ಟು. ಸಂತೆಯ ದಿನವನ್ನು ಬೇರೆ ಬರೆಯಲಿ. ಸಂಜೆ ಹಾವೇರಿಯಿಂದ ಮರಳುವ ಕಡೆಯೂ ಒಬ್ಬರು ನಿಲ್ಲಲಿ. ಡಿಪೊಕ್ಕೆ ಕೊಡುವ ಅರ್ಜಿಯಲ್ಲಿ "ನಮ್ಮೂರಿಗೆ ಬಸ್ಸು ಬಿಡಿ" ಎಂದಷ್ಟೇ ಬರೆಯಬೇಡಿ. ಇಷ್ಟು ಗಂಟೆಗೆ ಇಷ್ಟು ಜನ ನಿಂತಿದ್ದರು, ಬಸ್ಸು ಇಷ್ಟು ತಡವಾಗಿ ಬಂದದ್ದರಿಂದ ಇಷ್ಟು ಜನ ಟಂಟಂ ಹತ್ತಿದರು ಎಂದು ಬರೆದು, ಗ್ರಾಮ ಪಂಚಾಯಿತಿಯ ಠರಾವು ಮಾಡಿಸಿ ಜೊತೆಗೆ ಲಗತ್ತಿಸಿ. ಹೊಸ ಬಸ್ಸು ಕೇಳುವ ಮೊದಲು, ಇರುವ ಎರಡು ಬಸ್ಸುಗಳ ಸಮಯವನ್ನು ಬಿಡಿಸಿ ಇಡಲು ಕೇಳಿ. ಅದಕ್ಕೆ ಹೊಸ ಗಾಡಿಯೂ ಬೇಡ, ಹೆಚ್ಚಿನ ಡೀಸೆಲ್ಲೂ ಬೇಡ.